ವರ್ಷಕ್ಕೊಂದೇ ಆಲ್ಬಂ: ನಿಡಘಟ್ಟದವರೆಗೆ ಒಂದು, ಅಲ್ಲಿಂದಾಚೆಗೆ ಮತ್ತೊಂದು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಚನ್ನಪಟ್ಟಣವನ್ನು ದಾಟಿ ಮಂಡ್ಯ ಜಿಲ್ಲೆಯನ್ನು ಪ್ರವೇಶಿಸುವಾಗ ಎದುರಾಗುವ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಹೊಸ ಹೆದ್ದಾರಿಯ ಕಾಮಗಾರಿಯನ್ನು ಎರಡು ಪ್ಯಾಕೇಜ್‌ಗಳಾಗಿ ವಿಂಗಡಿಸಿದಾಗ ಅವೆರಡರ ನಡುವಿನ ಗಡಿಯಾದದ್ದು ಈ ಊರೇ. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿ.ಮೀ., ನಿಡಘಟ್ಟದಿಂದ ಮೈಸೂರಿನವರೆಗೆ 61 ಕಿ.ಮೀ. 2023ರ ಮಾರ್ಚ್ 12ರಂದು ಈ ಹೆದ್ದಾರಿ ಲೋಕಾರ್ಪಣೆಗೊಂಡ ನಂತರ, ಹಿಂದೆ ಸುಮಾರು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಒಂದೂವರೆ ಗಂಟೆಗೆ ಇಳಿದಿದೆ.

ಈ ಅಂಕಿಗಳಲ್ಲಿ ಸಂಗೀತಪ್ರಿಯರಿಗೆ ಒಂದು ಸ್ವಾರಸ್ಯವಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗಿದರೆ ಮೊದಲ ಭಾಗಕ್ಕೆ 42 ನಿಮಿಷ, ಎರಡನೆಯ ಭಾಗಕ್ಕೆ ಸುಮಾರು 46 ನಿಮಿಷ ಬೇಕು. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂನ ಅವಧಿ ಸುಮಾರು 43 ನಿಮಿಷ. ಬೀಟಲ್ಸ್ ತಂಡದ ‘ಅಬ್ಬೆ ರೋಡ್’ ಸುಮಾರು 47 ನಿಮಿಷ. ಅಂದರೆ ಒಂದು ಪ್ಯಾಕೇಜ್‌ಗೆ ಒಂದು ಆಲ್ಬಂ ಎಂಬ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಉಳಿಯುವ ಪ್ರಶ್ನೆ ಒಂದೇ: ಯಾವ ಆಲ್ಬಂ?

ರಾಕ್ ಸಂಗೀತದ ಅಭಿಮಾನಿಗಳಲ್ಲಿ ಇದಕ್ಕೆ ಉತ್ತರ ಹುಡುಕುವ ಒಂದು ಹಳೆಯ ಕ್ರಮವಿದೆ. ಒಂದೊಂದು ವರ್ಷಕ್ಕೂ ಒಂದೇ ಒಂದು ಆಲ್ಬಂ ಆರಿಸಬೇಕು. ಎರಡನ್ನು ಹೆಸರಿಸುವಂತಿಲ್ಲ, ಯಾವ ವರ್ಷವನ್ನೂ ಬಿಡುವಂತಿಲ್ಲ. ಕೇಳಲು ಮಕ್ಕಳಾಟದಂತಿರುವ ಈ ನಿಯಮ, ಆರಿಸಲು ಕುಳಿತವರನ್ನು ಬಹಳ ಬೇಗ ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಆಲ್ಬಂ ಎಂದರೇನು?

ಅಮೆರಿಕದ ಕೊಲಂಬಿಯ ಸಂಸ್ಥೆ 1948ರಲ್ಲಿ ನಿಮಿಷಕ್ಕೆ ಮೂವತ್ಮೂರೂ ಕಾಲು ಚಿಲ್ಲರೆ ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಹನ್ನೆರಡು ಅಂಗುಲ ವ್ಯಾಸದ ಈ ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚಿನ ಸಂಗೀತವನ್ನು ಅಡಕಗೊಳಿಸಬಹುದಿತ್ತು. ಎರಡೂ ಬದಿ ಸೇರಿದರೆ ನಲವತ್ತರಿಂದ ನಲವತ್ತೈದು ನಿಮಿಷ. ಅರವತ್ತು, ಎಪ್ಪತ್ತರ ದಶಕಗಳ ಪ್ರಸಿದ್ಧ ಆಲ್ಬಂಗಳ ಅವಧಿ ಈ ಆಸುಪಾಸಿನಲ್ಲೇ ಇರುವುದಕ್ಕೆ ಕಾರಣ ತಟ್ಟೆಯ ಈ ಮಿತಿ.

ಆರಂಭದಲ್ಲಿ ಇಂಥ ತಟ್ಟೆಗಳಲ್ಲಿ ಬಿಡಿ ಹಾಡುಗಳನ್ನು ಪೋಣಿಸುವುದೇ ಸಾಮಾನ್ಯವಾಗಿತ್ತು. ಅರವತ್ತರ ದಶಕದ ನಡುವಿನಿಂದಾಚೆಗೆ ರಾಕ್ ತಂಡಗಳು ಇಡೀ ತಟ್ಟೆಯನ್ನು ಒಂದೇ ಕೃತಿಯಾಗಿ ಭಾವಿಸತೊಡಗಿದವು. ಮೊದಲ ಹಾಡು ಯಾವುದು, ಬದಿ ಮಗುಚುವ ಮುನ್ನ ಬರುವ ಹಾಡು ಯಾವುದು ಎಂಬುದೂ ಕೃತಿಯ ಭಾಗವಾಯಿತು. ಆ ಕಾಲದಿಂದ ಎಂಬತ್ತರ ದಶಕದ ನಡುವಿನವರೆಗಿನ ಸಂಗೀತಕ್ಕೆ ಅಮೆರಿಕದ ಎಫ್.ಎಂ. ಬಾನುಲಿ ಕೇಂದ್ರಗಳು ‘ಕ್ಲಾಸಿಕ್ ರಾಕ್’ ಎಂಬ ಹೆಸರನ್ನು ಪ್ರಚುರಪಡಿಸಿದವು.

ಆದ್ದರಿಂದ ಆರಿಸಬೇಕಾದದ್ದು ಹಾಡನ್ನಲ್ಲ, ಆಲ್ಬಂ ಅನ್ನು. ಒಂದು ಅಮೋಘ ಹಾಡಿನ ಜೊತೆಗೆ ಏಳು ಸಾಧಾರಣ ಹಾಡುಗಳಿರುವ ತಟ್ಟೆ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ, ಜನಪ್ರಿಯ ಹಾಡುಗಳನ್ನು ಒಟ್ಟುಗೂಡಿಸಿ ನಂತರ ಹೊರತಂದ ಸಂಕಲನಗಳನ್ನು ಬಲ್ಲವರು ಪಟ್ಟಿಗೆ ಸೇರಿಸುವುದಿಲ್ಲ.

ವರ್ಷ ನಿರ್ಧರಿಸುವುದು ಹೇಗೆ?

ಮೊದಲ ತೊಡಕು ಎದುರಾಗುವುದು ಇಲ್ಲಿಯೇ. ಬೀಟಲ್ಸ್‌ನ ‘ಲೆಟ್ ಇಟ್ ಬಿ’ 1970ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಅದರ ಬಹುಭಾಗದ ಮುದ್ರಣ ನಡೆದದ್ದು 1969ರ ಜನವರಿಯಲ್ಲಿ, ಅಂದರೆ 1969ರ ಸೆಪ್ಟೆಂಬರ್‌ನಲ್ಲಿ ಹೊರಬಂದ ‘ಅಬ್ಬೆ ರೋಡ್’ಗಿಂತ ಮೊದಲು. ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯ’ವನ್ನು ಹಲವರು 1977ರದೆಂದು ನೆನಪಿಟ್ಟುಕೊಂಡಿದ್ದಾರೆ. ಆ ಹೆಸರಿನ ಹಾಡು ಪ್ರತ್ಯೇಕವಾಗಿ ಬಿಡುಗಡೆಯಾದದ್ದು 1977ರಲ್ಲಿ. ಆಲ್ಬಂ ಹೊರಬಂದದ್ದು 1976ರ ಡಿಸೆಂಬರ್‌ನಲ್ಲಿ.

ದೇಶ ಬದಲಾದರೆ ತಟ್ಟೆಯೂ ಬದಲಾಗುತ್ತಿದ್ದ ಕಾಲವದು. ಜಿಮಿ ಹೆಂಡ್ರಿಕ್ಸ್ ತಂಡದ ‘ಆರ್ ಯು ಎಕ್ಸ್‌ಪೀರಿಯನ್ಸ್ಡ್’ ಬ್ರಿಟನ್ನಿನಲ್ಲಿ 1967ರ ಮೇ ತಿಂಗಳಲ್ಲೂ ಅಮೆರಿಕದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲೂ ಬಿಡುಗಡೆಯಾಯಿತು. ‘ಪರ್ಪಲ್ ಹೇಜ್’ ಅಮೆರಿಕದ ತಟ್ಟೆಯಲ್ಲಿತ್ತು, ಬ್ರಿಟನ್ನಿನದರಲ್ಲಿ ಇರಲಿಲ್ಲ.

ಇಂದು ಮೊಬೈಲ್ ಆ್ಯಪ್‌ಗಳಲ್ಲಿ ಹಾಡು ಕೇಳುವವರಿಗೆ ಮತ್ತೊಂದು ಗೊಂದಲವಿದೆ. ಹಳೆಯ ಆಲ್ಬಂಗಳನ್ನು ಧ್ವನಿ ಸಂಸ್ಕರಿಸಿ ಮರುಬಿಡುಗಡೆ ಮಾಡಿದಾಗ, ಕೆಲವೊಮ್ಮೆ ಆ ಮರುಬಿಡುಗಡೆಯ ವರ್ಷವೇ ಪರದೆಯ ಮೇಲೆ ಕಾಣಿಸುತ್ತದೆ. ಎಪ್ಪತ್ತರ ದಶಕದ ಕೃತಿ ಈ ಶತಮಾನದ್ದಾಗಿ ತೋರುವುದುಂಟು. ಹೀಗಾಗಿ ಒಂದು ಸರಳ ಸೂತ್ರವನ್ನು ಪಾಲಿಸುವುದು ಒಳಿತು: ತಂಡದ ಸ್ವಂತ ದೇಶದಲ್ಲಿ ಆಲ್ಬಂ ಮೊದಲ ಬಾರಿ ಬಿಡುಗಡೆಯಾದ ವರ್ಷವೇ ಅದರ ವರ್ಷ.

ಬಿಡುವುದೇ ಕಷ್ಟ

ವರ್ಷ ನಿರ್ಧಾರವಾದರೂ ಸಂಕಟ ಮುಗಿಯುವುದಿಲ್ಲ. 1971ನ್ನೇ ತೆಗೆದುಕೊಳ್ಳಬಹುದು. ಜೆತ್ರೊ ಟಲ್‌ನ ‘ಆಕ್ವಾಲಂಗ್’, ರೋಲಿಂಗ್ ಸ್ಟೋನ್ಸ್‌ನ ‘ಸ್ಟಿಕಿ ಫಿಂಗರ್ಸ್’, ಡೋರ್ಸ್‌ನ ‘ಎಲ್.ಎ. ವುಮನ್’, ದಿ ಹೂ ತಂಡದ ‘ಹೂಸ್ ನೆಕ್ಸ್ಟ್’, ಲೆಡ್ ಜೆಪ್ಪೆಲಿನ್‌ನ ನಾಲ್ಕನೆಯ ಆಲ್ಬಂ ಎಲ್ಲವೂ ಆ ಒಂದೇ ವರ್ಷದವು. ಒಂದನ್ನು ಹಿಡಿದರೆ ನಾಲ್ಕನ್ನು ಕೈಬಿಡಬೇಕು. 1975ರಲ್ಲಿ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’, ಲೆಡ್ ಜೆಪ್ಪೆಲಿನ್‌ನ ‘ಫಿಸಿಕಲ್ ಗ್ರಾಫಿಟಿ’, ಕ್ವೀನ್ ತಂಡದ ‘ಎ ನೈಟ್ ಅಟ್ ದಿ ಆಪೆರಾ’ ಪರಸ್ಪರ ಎದುರಾಗುತ್ತವೆ.

ಮಾರಾಟದ ಅಂಕಿಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. 1973ರ ‘ಡಾರ್ಕ್ ಸೈಡ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರೊಳಗೆ 741 ವಾರಗಳನ್ನು ಕಳೆದಿತ್ತು. ಅದು ಶ್ರೇಷ್ಠವೆಂದು ಜಗತ್ತು ಒಪ್ಪಿರುವುದಕ್ಕೆ ಅದು ಸಾಕ್ಷಿಯೇ ಹೊರತು, ಒಬ್ಬ ಕೇಳುಗನಿಗೆ ಅದೇ ಪ್ರಿಯವಾಗಬೇಕೆಂಬ ಆಜ್ಞೆಯಲ್ಲ. ಶ್ರೇಷ್ಠವಾದುದು ಬೇರೆ, ಪ್ರಿಯವಾದುದು ಬೇರೆ. ವರ್ಷಕ್ಕೊಂದೇ ಎಂಬ ನಿಯಮ ಈ ವ್ಯತ್ಯಾಸವನ್ನು ಬಯಲಿಗೆ ತರುತ್ತದೆ. ಹತ್ತು ಹೆಸರು ಹೇಳಲು ಅವಕಾಶವಿದ್ದಾಗ ಮೆಚ್ಚಬೇಕಾದವನ್ನೂ ಮೆಚ್ಚಿದವನ್ನೂ ಬೆರೆಸಿ ಹೇಳಿ ಪಾರಾಗಬಹುದು. ಒಂದೇ ಹೆಸರು ಹೇಳಬೇಕಾದಾಗ ಆ ಮರೆ ಉಳಿಯುವುದಿಲ್ಲ.

ನಿರ್ಧರಿಸಲು ಒಂದು ಉಪಾಯವಿದೆ. ಪೈಪೋಟಿಯಲ್ಲಿರುವ ಆಲ್ಬಂಗಳನ್ನು ಒಂದೊಂದಾಗಿ, ಯಾವ ಹಾಡನ್ನೂ ಹಾರಿಸದೆ, ಕ್ರಮ ತಪ್ಪಿಸದೆ ಪೂರ್ತಿ ಕೇಳಬೇಕು. ಮುಂದಿನ ಹಾಡಿಗೆ ಕೈ ಎಷ್ಟು ಬಾರಿ ಚಾಚಿತು ಎಂಬುದನ್ನು ಗಮನಿಸಬೇಕು. ಒಮ್ಮೆಯೂ ಕೈ ಚಾಚದ ಆಲ್ಬಂ ಆ ವರ್ಷದ ಆಯ್ಕೆ. ಕೈಗೆ ಬೇರೆ ಕೆಲಸವಿರುವ, ನಲವತ್ತು ನಿಮಿಷ ಎಲ್ಲಿಯೂ ನಿಲ್ಲಬೇಕಿಲ್ಲದ ರಸ್ತೆ ಇದಕ್ಕೆ ತಕ್ಕ ಸ್ಥಳ.

ಬಿಡುಗಡೆಯಾದ ವರ್ಷ, ಕೇಳಿದ ವರ್ಷ

ಕರ್ನಾಟಕದ ಕೇಳುಗರಿಗೆ ಇನ್ನೊಂದು ಲೆಕ್ಕವೂ ಉಂಟು. ಇಲ್ಲಿನ ಬಹುತೇಕರಿಗೆ ಈ ಆಲ್ಬಂಗಳು ದೊರೆತದ್ದು ಬಿಡುಗಡೆಯಾದ ವರ್ಷದಲ್ಲಲ್ಲ. ವರ್ಷಗಳ ನಂತರ, ಗೆಳೆಯರಿಂದ ನಕಲು ಮಾಡಿಕೊಂಡ ಕ್ಯಾಸೆಟ್‌ಗಳಲ್ಲಿ. ತೊಂಬತ್ತು ನಿಮಿಷದ ಕ್ಯಾಸೆಟ್‌ನ ಒಂದು ಬದಿಗೆ ನಲವತ್ತೈದು ನಿಮಿಷ. ಒಂದು ಬದಿಗೆ ಒಂದು ಆಲ್ಬಂ, ಮಗುಚಿದರೆ ಇನ್ನೊಂದು.

ತಂಡಗಳನ್ನು ಕಣ್ಣಾರೆ ಕಾಣುವ ಅವಕಾಶ ಬಂದದ್ದು ಮತ್ತೂ ತಡವಾಗಿ. ಡೀಪ್ ಪರ್ಪಲ್ 2001ರಲ್ಲಿ, ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ, ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕ 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದರು. 1972ರ ‘ಮಷೀನ್ ಹೆಡ್’ ಬೆಂಗಳೂರಿನ ಅಭಿಮಾನಿಯ ಮನಸ್ಸಿನಲ್ಲಿ 2001ರ ಆಲ್ಬಂ ಆಗಿ ಉಳಿದಿದ್ದರೆ ಅದು ತಪ್ಪಲ್ಲ. ಪಟ್ಟಿ ಮಾಡುವವರು ಪ್ರತಿ ಹೆಸರಿನ ಮುಂದೆ ಎರಡು ವರ್ಷಗಳನ್ನು ಬರೆದಿಟ್ಟರೆ ಒಳ್ಳೆಯದು. ಮೊದಲನೆಯದು ಸಂಗೀತದ ಇತಿಹಾಸ, ಎರಡನೆಯದು ಕೇಳಿದವರ ಇತಿಹಾಸ.

ಕನ್ನಡಕ್ಕೂ ಈ ಪಟ್ಟಿ ಬೇಕು

ಸ್ಟೋನ್ಸ್ ಹಾಡಿದ ಬೆಂಗಳೂರಿನ ಅರಮನೆ ಮೈದಾನದಲ್ಲೇ 2005ರಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಭಾರಿ ಜನಸ್ತೋಮದ ಮುಂದೆ ನಡೆಯಿತು. ರಾಕ್‌ಗೆ ಅನ್ವಯಿಸುವ ವರ್ಷಕ್ಕೊಂದರ ನಿಯಮ ಕನ್ನಡದ ಧ್ವನಿಸುರುಳಿಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಅಷ್ಟು ಜನರ ಪ್ರೀತಿಯೇ ಆಧಾರ.

1978ಕ್ಕೆ ‘ನಿತ್ಯೋತ್ಸವ’ದ ಹೆಸರು ಸಹಜವಾಗಿ ಬರುತ್ತದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರ ಸಂಗೀತವಿದ್ದ ಈ ಧ್ವನಿಸುರುಳಿ ಕನ್ನಡ ಭಾವಗೀತೆ ಕ್ಯಾಸೆಟ್‌ಗಳ ಪರಂಪರೆಯ ಮೊದಲನೆಯದೆಂದು ಪರಿಗಣಿತವಾಗಿದೆ. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿ ಅವರ ಗೀತೆಗಳಿರುವ ‘ಮೈಸೂರ ಮಲ್ಲಿಗೆ’ ಚಿತ್ರ ತೆರೆಕಂಡದ್ದು 1992ರಲ್ಲಿ; ಆ ಗೀತೆಗಳಿಗೆ ಕವಿಗೆ ರಾಷ್ಟ್ರಪ್ರಶಸ್ತಿ ಸಂದದ್ದು 1991ರ ಸಾಲಿನಲ್ಲಿ. ಕವನಸಂಕಲನ ಪ್ರಕಟವಾದದ್ದು 1942ರಲ್ಲಿ. ಅದನ್ನು ಯಾವ ವರ್ಷಕ್ಕೆ ಸೇರಿಸಬೇಕೆಂಬುದು ‘ಲೆಟ್ ಇಟ್ ಬಿ’ಯಷ್ಟೇ ತೊಡಕಿನ ಪ್ರಶ್ನೆ.

ಕನ್ನಡ ಮತ್ತು ರಾಕ್ ಕೂಡುವ ವರ್ಷಗಳೂ ಇವೆ. ಮೈಸೂರಿನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರ್‌ನೊಂದಿಗೆ ಹಾಡಿದರು. ಮರುವರ್ಷ ‘ಸ್ವರಾತ್ಮ’ ತಂಡದ ಮೊದಲ ಆಲ್ಬಂ ಹೊರಬಂತು.

ಇಂಗ್ಲಿಷ್ ರಾಕ್ ಆಲ್ಬಂಗಳ ದಿನಾಂಕ, ವಾದ್ಯಗಾರರ ಹೆಸರು, ಮುದ್ರಣ ನಡೆದ ಸ್ಥಳ ಎಲ್ಲವೂ ದಾಖಲಾಗಿವೆ. ಕನ್ನಡದ ಎಷ್ಟೋ ಕ್ಯಾಸೆಟ್‌ಗಳಿಗೆ ಈ ಭಾಗ್ಯವಿಲ್ಲ. ಒಳಗಿನ ಕಾಗದ ಕಳೆದುಹೋದರೆ ಕೊಳಲು ನುಡಿಸಿದವರು ಯಾರು, ಯಾವ ವರ್ಷ ಎಂಬುದು ಮನೆಯ ಹಿರಿಯರ ನೆನಪಿನಲ್ಲಷ್ಟೇ ಉಳಿಯುತ್ತದೆ. ಹಿರಿಯರು ಇರುವಾಗಲೇ ಕುಳಿತು ವರ್ಷವಾರು ಪಟ್ಟಿ ಮಾಡಿದರೆ, ಅದು ಕಾಲಹರಣದ ಆಟವಾಗಿ ಉಳಿಯದೆ ದಾಖಲೆಯಾಗುತ್ತದೆ.

ಅದಕ್ಕೆ ಮನೆಯವರೆಲ್ಲ ಒಂದೇ ಕಾರಿನಲ್ಲಿ ಹೊರಡುವ ದಿನಕ್ಕಿಂತ ಒಳ್ಳೆಯ ಸಮಯವಿಲ್ಲ. ಹಾಡು ಹಾರಿಸುವಂತಿಲ್ಲ ಎಂಬ ಕರಾರಿನೊಂದಿಗೆ, ಆಯ್ಕೆಯನ್ನು ಹೊರಡುವ ಮುನ್ನವೇ ಮುಗಿಸಿರಬೇಕು. ನಿಡಘಟ್ಟದವರೆಗೆ ಮಕ್ಕಳು ಆರಿಸಿದ ಆಲ್ಬಂ, ನಿಡಘಟ್ಟದಿಂದ ಮೈಸೂರಿನವರೆಗೆ ಅಪ್ಪ ಅಮ್ಮ ಆರಿಸಿದ್ದು. ತೊಂಬತ್ತು ನಿಮಿಷದ ಕ್ಯಾಸೆಟ್ ಮಗುಚುತ್ತಿದ್ದುದೂ ಸರಿಸುಮಾರು ಅಲ್ಲಿಯೇ.