ಬೆಂಚಿನ ಮೇಲೆ ಮಲಗಿದ ಪ್ರಭು

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡೇವಿಡ್‌ಸನ್ ಪಟ್ಟಣದಲ್ಲಿ ಎಪಿಸ್ಕೋಪಲ್ ಸಭೆಯ ಸಂತ ಆಲ್ಬನ್ನರ ದೇವಾಲಯವಿದೆ. 2014ರಲ್ಲಿ ಅಲ್ಲಿಯ ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ್ದವನನ್ನು ಕಂಡು ಮಹಿಳೆಯೊಬ್ಬರು ಪೊಲೀಸರಿಗೆ ಕರೆ ಮಾಡಿದರು. ಆದರೆ ಅಲ್ಲಿದ್ದುದು ಕಂಚಿನ ವಿಗ್ರಹ! 2020ರಲ್ಲಿ ಒಹಾಯೊ ರಾಜ್ಯದ ಬೇ ವಿಲೇಜಿನಲ್ಲಿ ಇಂತಹುದೇ ವಿಗ್ರಹವನ್ನು ಇರಿಸಿದ ಸುಮಾರು 20 ನಿಮಿಷಗಳಲ್ಲಿಯೇ ಪೊಲೀಸರಿಗೆ ಕರೆ ಹೋಯಿತು.

ಇದು ಕೆನಡಾದ ಕಥೋಲಿಕ ಶಿಲ್ಪಿ ತಿಮೋತಿ ಶ್ಮಾಲ್ಜ್ ಅವರು ರೂಪಿಸಿದ 'ವಸತಿಹೀನ ಯೇಸು'. ಮೊದಲನೆಯದು 2013ರಲ್ಲಿ ಟೊರಾಂಟೊ ನಗರದ ರೇಜಿಸ್ ಕಾಲೇಜಿನಲ್ಲಿ ನೆಲೆಗೊಂಡಿತು. ಅದೇ ವರ್ಷ ಪೋಪ್ ಫ್ರಾನ್ಸಿಸರು ಅದರ ಪ್ರತಿಕೃತಿಯನ್ನು ಆಶೀರ್ವದಿಸಿದರು; ವ್ಯಾಟಿಕನ್ನಿನಲ್ಲಿಯೂ ಇಂತಹ ವಿಗ್ರಹವಿದೆ. ಕಂಬಳಿಯು ಮುಖವನ್ನು ಮರೆಮಾಡಿದೆ. ಹತ್ತಿರ ಹೋದವರಿಗೆ ಮಾತ್ರ ಪಾದಗಳಲ್ಲಿನ ಮೊಳೆಯ ಗಾಯಗಳು ಕಾಣಿಸುತ್ತವೆ. ಆ ಪಾದಗಳ ಬಳಿ ಒಬ್ಬರು ಕುಳಿತುಕೊಳ್ಳುವಷ್ಟು ಸ್ಥಳವೂ ಉಂಟು.

ಕರೆ ಮಾಡಿದವರನ್ನು ಕಂಡು ನಾವು ನಗಬೇಕಾಗಿಲ್ಲ. ಅವರು ಕಂಚನ್ನು ಮನುಷ್ಯನೆಂದು ಬಗೆದರು. ನಾವಾದರೋ ಬಲಿಪೂಜೆ ಮುಗಿಸಿ ಬರುವಾಗ, ಮೆಟ್ಟಿಲ ಬಳಿ ಮಲಗಿದ ಮನುಷ್ಯನನ್ನು ಕಂಚೆಂಬಂತೆ ದಾಟಿ ನಡೆಯುತ್ತೇವೆ. ಶಿಲ್ಪಿಗೆ ಪ್ರೇರಣೆಯಾದ ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ಈ ವಾರ ಮನೆಮಂದಿಯೆಲ್ಲರೂ ಕೂಡಿ ಓದೋಣ. ಬಳಿಕ, ದಿನವೂ ನಾವು ದಾಟಿಹೋಗುವ ಆ ಒಬ್ಬನ ಬಳಿ ಕ್ಷಣಕಾಲ ಕುಳಿತು, ಅವನ ಹೆಸರನ್ನಾದರೂ ಕೇಳೋಣ.