ಲೆಕ್ಕ ಮರಳಿ ಬರುತ್ತದೆ, ಕೀಲಿ ಬಾರದು

ಒಂದೇ ಲೆಕ್ಕದ ಪುಸ್ತಕದ ಪೂರ್ತಿ ಪ್ರತಿ ಸಾವಿರಾರು ಮನೆಗಳಲ್ಲಿದೆ ಎನ್ನಿ. ಒಂದು ಮನೆಯ ಪ್ರತಿಗೆ ಗೆದ್ದಲು ಹಿಡಿದರೆ ಚಿಂತೆಯೇನು? ಬೇರೆಯವರದನ್ನು ನೋಡಿ ಮತ್ತೆ ಬರೆದುಕೊಂಡರಾಯಿತು. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಲೆಕ್ಕವಿರುವುದೂ ಹೀಗೆಯೇ.

ಸುಮಾರು ಹತ್ತು ನಿಮಿಷಕ್ಕೊಮ್ಮೆ ವ್ಯವಹಾರಗಳ ಒಂದು ಕಟ್ಟು, ಅಂದರೆ 'ಬ್ಲಾಕ್', ಇದಕ್ಕೆ ಸೇರುತ್ತದೆ. ಪ್ರತಿ ಬ್ಲಾಕಿನಲ್ಲೂ ಹಿಂದಿನ ಬ್ಲಾಕಿನ 'ಹ್ಯಾಶ್' ಇರುತ್ತದೆ. ಇದು ಹೆಬ್ಬೆಟ್ಟಿನ ಗುರುತಿನಂಥ ಸಂಖ್ಯೆ. ಹಿಂದೆ ಒಂದಕ್ಷರ ತಿದ್ದಿದರೂ ಗುರುತು ತಾಳೆಯಾಗದು. ಬ್ಲಾಕ್‌ಗಳ ಈ ಸರಪಳಿಯೇ ಬ್ಲಾಕ್‌ಚೈನ್.

'ಬಿಟ್‌ಕಾಯಿನ್ ಕೋರ್' ತಂತ್ರಾಂಶವಿರುವ ಮನೆಯ ಕಂಪ್ಯೂಟರಿನಲ್ಲಿ ಈ ಲೆಕ್ಕ ಎರಡು ರೂಪದಲ್ಲಿರುತ್ತದೆ. ಒಂದು, ಬ್ಲಾಕ್‌ಗಳ ಕಡತಗಳು. ಇವುಗಳ ಒಟ್ಟು ಗಾತ್ರ 600 ಗಿಗಾಬೈಟ್ ದಾಟಿದೆ. ಇನ್ನೊಂದು 'ಚೈನ್‌ಸ್ಟೇಟ್', ಇದುವರೆಗೆ ಖರ್ಚಾಗದೆ ಉಳಿದ ನಾಣ್ಯಗಳ ಪಟ್ಟಿ. ಇದನ್ನು ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಹೊರಗಿನ ಡಿಸ್ಕಿನ ವೈರು ಕಳಚಿದರೆ ಅಥವಾ ರ್‍ಯಾಮ್ ದೋಷವಿದ್ದರೆ ದತ್ತಾಂಶ ಕೆಡಬಹುದು. ಆಗ ತಂತ್ರಾಂಶ ಮುಂದೆ ಸಾಗದೆ ನಿಂತುಬಿಡುತ್ತದೆ.

ದುರಸ್ತಿಗೆ ಕೈಹಾಕುವ ಮೊದಲು ತಂತ್ರಾಂಶವನ್ನು ಮುಚ್ಚಿ, 'ವಾಲೆಟ್' ಕಡತದ ಪ್ರತಿಯನ್ನು ಬೇರೆಡೆ ಇಡಬೇಕು. ಬಳಿಕ ಡಿಸ್ಕ್, ರ್‍ಯಾಮ್‌ಗಳ ಪರೀಕ್ಷೆ. ಅವೇ ಕೆಟ್ಟಿದ್ದರೆ ಸರಿಪಡಿಸಿದ್ದು ಮತ್ತೆ ಕೆಡುತ್ತದೆ. ಬ್ಲಾಕ್‌ಗಳು ಪೂರ್ತಿಯಿದ್ದು ಸುಸ್ಥಿತಿಯಲ್ಲಿದ್ದರೆ 'ರೀಇಂಡೆಕ್ಸ್-ಚೈನ್‌ಸ್ಟೇಟ್' ಆಜ್ಞೆ ಸಾಕು. ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಬ್ಲಾಕ್‌ಗಳ ಸೂಚಿಯೂ ಕೆಟ್ಟಿದ್ದರೆ 'ರೀಇಂಡೆಕ್ಸ್' ಆಜ್ಞೆ ಬೇಕು. ಅದೂ ಫಲಿಸದಿದ್ದರೆ 'ಬ್ಲಾಕ್ಸ್' ಮತ್ತು 'ಚೈನ್‌ಸ್ಟೇಟ್' ಫೋಲ್ಡರುಗಳನ್ನಷ್ಟೇ ಅಳಿಸಿ, ಎಲ್ಲವನ್ನೂ ಅಂತರಜಾಲದ ಮೂಲಕ ಇತರ ಕಂಪ್ಯೂಟರುಗಳಿಂದ ಮತ್ತೆ ತರಿಸಿಕೊಳ್ಳಬೇಕು. ಹಳೆಯ ಯಂತ್ರಕ್ಕೆ ಇದು ಕೆಲವು ದಿನಗಳ ಕೆಲಸ. ಆದರೂ ಮೋಸದ ಭಯವಿಲ್ಲ. ಬಂದ ಪ್ರತಿಯೊಂದು ಬ್ಲಾಕನ್ನೂ ತಂತ್ರಾಂಶ ತಾನೇ ತಾಳೆ ನೋಡುತ್ತದೆ.

ಹಾಗಾದರೆ ವಾಲೆಟ್ ಬಗ್ಗೆ ಅಷ್ಟು ಎಚ್ಚರವೇಕೆ? ಹಣ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಗಳು ಇರುವುದು ಅದರಲ್ಲಿ. ಅದು ಬೇರೆ ಯಾರ ಬಳಿಯೂ ಇಲ್ಲ. 2013ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನ್ಯೂಪೋರ್ಟಿನಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಹಾರ್ಡ್‌ಡಿಸ್ಕೊಂದು ಕಸದ ರಾಶಿ ಸೇರಿತು. ಆ ನಾಣ್ಯಗಳು ಲೆಕ್ಕದ ಪುಸ್ತಕದಲ್ಲಿ ಭದ್ರವಾಗಿವೆ. ಕೀಲಿಯಿಲ್ಲದೆ ಒಂದನ್ನೂ ಮುಟ್ಟಲಾಗದು.

ಕಂಪ್ಯೂಟರ್ ಕೈಕೊಟ್ಟಾಗ ಗಾಬರಿಯಿಂದ ಎಲ್ಲವನ್ನೂ ಅಳಿಸಿಬಿಡಬಾರದು. ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗದು ಎಂಬುದನ್ನು ಮೊದಲು ವಿಂಗಡಿಸಿಕೊಳ್ಳುವುದೇ ಜಾಣತನ. ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿಗೂ, ಮನೆಯ ಹಳೆಯ ಫೋಟೋಗಳಿಗೂ ಅನ್ವಯಿಸುವ ಮಾತಿದು.