ಕಣ್ಣಿಗೆ ಬಿಟ್ಟ ಹನಿಯೇ ಕಣ್ಣು ಕಳೆದಾಗ

ನಂಜನಗೂಡು ತಾಲ್ಲೂಕಿನ ಹೆಡತಲೆ ಎಂದೊಡನೆ ನೆನಪಾಗುವುದು ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ. ಆ ಊರಿನ ಅಜ್ಜಿಯೊಬ್ಬರಿಗೆ ಕಣ್ಣಿನ ಪೊರೆ ಬಂದಿದೆ ಎಂದಿಟ್ಟುಕೊಳ್ಳಿ. ಮಗ ನಗರದ ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಸುತ್ತಾನೆ. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಕಣ್ಣು ಕೆಂಡದಂತಿದೆ, ಕೀವು ತುಂಬಿದೆ, ಬೆಳಕೂ ತಿಳಿಯುತ್ತಿಲ್ಲ. ಮನೆಯವರೆಲ್ಲ ವೈದ್ಯರ ಕೈ ಕೆಟ್ಟದ್ದೆಂದು ಶಪಿಸುತ್ತಾರೆ, ಅಜ್ಜಿ ಮಾತ್ರ ತನ್ನ ಹಣೆಬರಹವನ್ನು. ವೈದ್ಯರು ಬಳಸಿದ ಔಷಧದ ಸೀಸೆಯನ್ನು ಯಾರೂ ನೆನೆಯುವುದಿಲ್ಲ.

ಇದು ಕಲ್ಪನೆಯ ಅಜ್ಜಿ. ಆದರೆ ನಮ್ಮ ರಾಜ್ಯದಲ್ಲೇ ಇದು ನಿಜವಾಗಿ ನಡೆದಿದೆ. 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈ 9ರಂದು ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರಿಗೆ ಸೋಂಕು ತಗುಲಿತು. ಹತ್ತು ಮಂದಿ ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದಲ್ಲಿ ರೋಗಾಣು ಇದ್ದುದೇ ಕಾರಣವೆಂದು ತನಿಖೆ ಹೇಳಿತು. ಆದರೂ ಜನರ ಸಿಟ್ಟು ತಿರುಗಿದ್ದು ವೈದ್ಯರ ಮೇಲೆ. ಆ ವರ್ಷದ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ವೈದ್ಯರ ಮೇಲೆ ಹಲ್ಲೆ ನಡೆಯಿತು. ಅದನ್ನು ಖಂಡಿಸಿ ರಾಜ್ಯದ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿದರು. ದೃಷ್ಟಿ ಕಳೆದುಕೊಂಡವರಿಗೆ ಸರ್ಕಾರ ತಲಾ ಮೂರು ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು.

ಒಂದು ಹನಿ ದ್ರವ ಇಷ್ಟು ಅನಾಹುತ ಮಾಡುವುದು ಹೇಗೆ? ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ಅಡೆತಡೆಯಿಲ್ಲದೆ ಒಳಗೆ ಹೋಗುತ್ತಿರಲಿಲ್ಲ. ರಕ್ತವಿಲ್ಲದ ಕಡೆಗೆ ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳೂ ತಡವಾಗಿಯೇ ಬರುತ್ತವೆ. ಕಣ್ಣಿನ ಒಳಗಿರುವ ದ್ರವವಂತೂ ರೋಗಾಣುಗಳಿಗೆ ಹದವಾದ ಹೊಲ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ತೇವವಿದ್ದಲ್ಲೆಲ್ಲ ಬೆಳೆಯಬಲ್ಲದು. ಅದು ಒಳಹೊಕ್ಕರೆ ಒಂದೆರಡು ದಿನಗಳಲ್ಲೇ ಕಣ್ಣನ್ನು ಕೆಡಿಸಬಲ್ಲದು. ಭತ್ತದ ತೆನೆಯೋ ಕಬ್ಬಿನ ಗರಿಯೋ ತಾಗಿ ಕಣ್ಣು ಗೀರಿದಾಗ ಶಿಲೀಂಧ್ರದ ಸೋಂಕು ತಗಲುವುದು ನಮ್ಮ ರೈತರಿಗೆ ಹೊಸದಲ್ಲ. ಅಲ್ಲಿ ಗಾಯ ಮಾಡಿದ್ದು ಯಾವುದೆಂದು ಕಣ್ಣಿಗೆ ಕಾಣುತ್ತದೆ. ಸೀಸೆಯೊಳಗಿನ ಶತ್ರು ಕಾಣುವುದಿಲ್ಲ.

ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಇಟ್ಟುಕೊಳ್ಳುವವರಿಗೂ ಇದೇ ಅಪಾಯ ಎದುರಾಗಿತ್ತು. 2006ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಫ್ಯುಸೇರಿಯಂ ಶಿಲೀಂಧ್ರದಿಂದ ಕಣ್ಣು ಕೆಡಿಸಿಕೊಂಡವರಲ್ಲಿ ಬಹುತೇಕರು ಬಾಷ್ ಅಂಡ್ ಲಾಂಬ್ ಕಂಪನಿಯ ‘ರೆನು ವಿತ್ ಮಾಯಿಶ್ಚರ್‌ಲಾಕ್’ ಎಂಬ ಲೆನ್ಸ್ ದ್ರವವನ್ನು ಬಳಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಮುಚ್ಚಳ ತೆಗೆಯದ ಸೀಸೆಗಳಲ್ಲಿ ಶಿಲೀಂಧ್ರ ಸಿಗಲಿಲ್ಲ. ಬಳಕೆಯಲ್ಲಿ ಆ ದ್ರವದ ರೋಗಾಣು ಕೊಲ್ಲುವ ಶಕ್ತಿ ಕುಗ್ಗುತ್ತಿತ್ತು. ಹಳೆಯ ದ್ರವ ಚೆಲ್ಲದೆ ಅದಕ್ಕೇ ಹೊಸದನ್ನು ತುಂಬುವ ಅಭ್ಯಾಸ ಕೆಡುಕನ್ನು ಹೆಚ್ಚಿಸಿತು. ಕಂಪನಿ ಆರುನೂರರಷ್ಟು ದಾವೆಗಳನ್ನು ಸುಮಾರು 25 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಂಡಿತು.

ನಮ್ಮಲ್ಲಿ ಲೆಕ್ಕ ಬೇರೆ. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಏರ್ಪಟ್ಟ ಉಚಿತ ನೇತ್ರ ಶಿಬಿರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 84 ಮಂದಿಯ ಕಣ್ಣುಗಳು ಮತ್ತೆ ಸರಿಯಾಗದಂತೆ ಹಾಳಾದವು. ಕಣ್ಣು ತೊಳೆಯಲು ಬಳಸಿದ ಉಪ್ಪುನೀರಿನ ದ್ರಾವಣದ ಮೇಲೆಯೇ ಸಂಶಯ ಬಿದ್ದಿತು. ಸುಪ್ರೀಂ ಕೋರ್ಟಿನಲ್ಲಿ 1989ರಲ್ಲಿ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಸರ್ಕಾರ ಅದಾಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ ತಲಾ 12,500 ರೂಪಾಯಿ ಕೊಡಬೇಕೆಂದು ಆ ತೀರ್ಪು ಹೇಳಿತು. ಒಂದು ಕಣ್ಣಿಗೆ ಒಟ್ಟು 17,500 ರೂಪಾಯಿ.

ಹಾಗಾದರೆ ಇಂದು ಹೆಡತಲೆಯ ಅಜ್ಜಿ ಎಲ್ಲಿಗೆ ಹೋಗಬೇಕು? ಮೊದಲನೆಯ ದಾರಿ ಗ್ರಾಹಕ ಆಯೋಗ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯನ್ನು ಅದು ಈ ಕಾನೂನಿನಿಂದ ಹೊರಗಿಟ್ಟಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಬಡವರೂ ಗ್ರಾಹಕರೇ. ಪೂರ್ಣ ಉಚಿತ ಸರ್ಕಾರಿ ಆಸ್ಪತ್ರೆಯ ರೋಗಿಗೆ ಉಳಿಯುವುದು ಸಿವಿಲ್ ದಾವೆ ಅಥವಾ ಹೈಕೋರ್ಟಿಗೆ ರಿಟ್ ಅರ್ಜಿ. ಕಾಸಿಲ್ಲದವರಿಗೇ ದಾರಿ ಉದ್ದ ಎನ್ನುವುದು ಇದಕ್ಕೇ.

ಎರಡನೆಯ ದಾರಿ ಔಷಧ ತಯಾರಿಸಿದವರ ಕಡೆಗೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನೇ ಸೇರಿಸಿತು. ತಯಾರಿಕೆಯಲ್ಲಿ ದೋಷವಿತ್ತು, ಅದರಿಂದ ಹಾನಿಯಾಯಿತು ಎಂದು ತೋರಿಸಿದರೆ ತಯಾರಕ ಹೊಣೆ ಹೊರಬೇಕು. ಔಷಧ ತಯಾರಾದದ್ದು ಯಾವ ರಾಜ್ಯದಲ್ಲೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಹೆಡತಲೆಯವರಿಗೆ ಮೈಸೂರು ಸಾಕು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಮೂರನೆಯದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. ತಾನು ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು ಇದರ 26ನೇ ಕಲಂ ಪ್ರತಿಯೊಬ್ಬರಿಗೂ ಕೊಟ್ಟಿದೆ. ಇದು ಬಹಳ ಮಂದಿಗೆ ತಿಳಿಯದು. ಕಲಬೆರಕೆ ಅಥವಾ ನಕಲಿ ಔಷಧದಿಂದ ಸಾವು ಅಥವಾ ತೀವ್ರ ಗಾಯವಾದರೆ ಕನಿಷ್ಠ ಹತ್ತು ವರ್ಷ ಸೆರೆವಾಸ, ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಆ ದಂಡದ ಹಣ ಪರಿಹಾರವಾಗಿ ನೊಂದವರಿಗೆ ಸೇರಬೇಕೆಂದೂ ಕಾಯ್ದೆ ಹೇಳುತ್ತದೆ.

ಇದು ಹೊರದೇಶದವರ ಕಣ್ಣಿಗೂ ಸಂಬಂಧಿಸಿದ ಮಾತು. ಚೆನ್ನೈ ಮೂಲದ ಕಂಪನಿಯೊಂದು ತಯಾರಿಸಿದ ಕಣ್ಣಿನ ಹನಿಗಳನ್ನು 2023ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದಕ್ಕೆ ನಂಟಿದ್ದ ಸ್ಯೂಡೋಮೊನಾಸ್ ಸೋಂಕು 18 ರಾಜ್ಯಗಳ 81 ಮಂದಿಯಲ್ಲಿ ಕಂಡುಬಂದಿತ್ತು. ನಾಲ್ವರು ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು.

ಯಾವ ದಾರಿ ಹಿಡಿದರೂ ಕೇಳುವ ಪ್ರಶ್ನೆ ಒಂದೇ: ಸಾಕ್ಷ್ಯವೆಲ್ಲಿ? ಕಣ್ಣಿಗೆ ಹನಿ ಬಿಟ್ಟು ಖಾಲಿಯಾದ ಸೀಸೆಯನ್ನು ನಾವು ತಿಪ್ಪೆಗೆ ಎಸೆಯುತ್ತೇವೆ. ಅದರ ಮೇಲಿನ ಬ್ಯಾಚ್ ಸಂಖ್ಯೆಯೇ ತಯಾರಕನ ವಿಳಾಸಕ್ಕೆ ಹಾದಿ. ತೊಂದರೆ ಕಂಡ ಕೂಡಲೇ ವೈದ್ಯರ ಬಳಿ ಹೋಗುವುದು ಮೊದಲ ಕೆಲಸ. ಉಳಿದ ಔಷಧವನ್ನು ಸೀಸೆಯ ಸಮೇತ ಎತ್ತಿಡುವುದು ಎರಡನೆಯದು. ಬಿಲ್ಲು, ಚೀಟಿ, ಬಿಡುಗಡೆ ಪತ್ರಗಳನ್ನು ಜೋಪಾನ ಮಾಡುವುದು ಮೂರನೆಯದು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದ ವಿವರವನ್ನು ಆಸ್ಪತ್ರೆಯಿಂದ ಬರಹದಲ್ಲಿ ಕೇಳಿ ಪಡೆಯಬೇಕು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಹೋದ ಕಣ್ಣನ್ನು ಯಾವ ನ್ಯಾಯಾಲಯವೂ ತಂದುಕೊಡಲಾರದು. ಆದರೆ ಅಜ್ಜಿಯ ಮಗ ಆ ಸೀಸೆಯನ್ನು ಎತ್ತಿಟ್ಟಿದ್ದರೆ, ಅದೇ ಬ್ಯಾಚಿನ ಇನ್ನೊಂದು ಸೀಸೆ ಇನ್ನೊಬ್ಬ ಅಜ್ಜಿಯ ಕಣ್ಣಿಗೆ ಬೀಳುವ ಮೊದಲೇ ಅದನ್ನು ತಡೆಯಬಹುದು.